ಚಿವುಟದೇ ಇರಲಾರದ ಉಳಿವೆಪ್ಪ

ಹಂಸಭಾವಿಯ ಉಳಿವೆಪ್ಪನ ಬೆರಳು ಸುಮ್ಮನಿದ್ದದ್ದನ್ನು ನಾನು ನೋಡಿಲ್ಲ. ಮೂವತ್ತು ವರ್ಷ ಬೀಜದ ಪ್ಲಾಟಿನಲ್ಲಿ ಟೊಮೆಟೊ ಹೂವಿಗೆ ಕೈಯಿಂದ ಪರಾಗ ಮುಟ್ಟಿಸಿ ಕೂಡಿಸಿದವನು. ಅಲ್ಲಿ ಗೊಂಚಲಿಗೆ ನಾಲ್ಕೇ ಕಾಯಿ ಬಿಟ್ಟು ಉಳಿದದ್ದನ್ನು ಉಗುರಿನಿಂದ ಚಿವುಟಬೇಕು; ಆಗಲೇ ಬೀಜ ತುಂಬುತ್ತದೆ. ಮಗಳ ಮದುವೆಯಲ್ಲಿ ಬೀಗರ ಹಾರದಿಂದಲೂ ಎರಡು ಮೊಗ್ಗು ಚಿವುಟಿದ ಮಹಾರಾಯ ಇವನು.

ಹೋದ ವರ್ಷ ಹಿರೇಕೆರೂರಿನ ಹೊರಗೆ, ಸಂಶೋಧನೆಗೆ ಗಿಡ ಬೆಳೆಸಲೆಂದು ಬಲೆ ಕಟ್ಟಿದ ಮನೆಯೊಂದರಲ್ಲಿ ಅವನಿಗೆ ಕೆಲಸ ಸಿಕ್ಕಿತು. ಅಲ್ಲಿ ನೀರು ಬಿಡುವವಳು ನಾನು. ಒಂದು ಸಾಲಿನಲ್ಲಿ ಇಪ್ಪತ್ತು ಮಾಮೂಲಿ ಟೊಮೆಟೊ ಗಿಡ, ಪಕ್ಕದಲ್ಲಿ ಜೀನ್ ಬದಲಿಸಿದ ಇಪ್ಪತ್ತು. ಮೂರು ವರ್ಷದಿಂದ ಇದರ ಹಿಂದೆ ಬಿದ್ದಿದ್ದ ಸಂಶೋಧಕಿ ಮಂಜುಳಾ ಮೊದಲ ದಿನವೇ ಬಿಡಿಸಿ ಹೇಳಿದಳು:

"ಎಲಿ ಸಕ್ರಿ ಮಾಡ್ತಾವ, ಕಾಕಾ. ಅದು ದಂಟಿನಾಗ ಹರದು ಕಾಯಿಗೆ ಬರ್ತದ. ಕಾಯಿಯೊಳಗ ಹೋಗೋ ಬಾಗಲಾ ಸಣ್ಣದು. ಈ ಸಾಲಿನ್ಯಾಗ ಆ ಬಾಗಲಾ ಅಗಲ ಮಾಡೇವಿ. ಹಣ್ಣು ಎಷ್ಟು ಸಿಹಿ ಆಗ್ತಾವ ನೋಡೂದದ. ಯಾವ ಗಿಡಾನೂ ಮುಟ್ಟಬ್ಯಾಡ್ರಿ."

"ಮುಟ್ಟಂಗಿಲ್ರಿ," ಎಂದ ಉಳಿವೆಪ್ಪ, ಬೆರಳು ಹೊಸೆಯುತ್ತ.

ಹಣ್ಣಾದ ಮೇಲೆ ಮಂಜುಳಾ ರಸ ಹಿಂಡಿ, ಸಿಹಿ ಅಳೆಯುವ ಗಾಜಿನಲ್ಲಿ ನೋಡಿದಳು. ಎರಡೂ ಸಾಲಿಗೆ ಆರು ಗೆರೆ. ಮತ್ತೆ ನೋಡಿದಳು. ಆರೇ.

"ಮೂರು ವರ್ಷ ನೀರಾಗ ಹೋತು. ಇದರಾಗ ಏನೂ ಇಲ್ಲಂತ ನಾಳೆ ದೊಡ್ಡವರಿಗೆ ಬರೀಬೇಕು," ಎಂದು ಬೋರಲು ಬುಟ್ಟಿಯ ಮೇಲೆ ಕುಳಿತುಬಿಟ್ಟಳು.

ನಾನು ಉಳಿವೆಪ್ಪನ ಮುಖ ನೋಡಿದೆ. ಅವನು ಮೇಲಿನ ಬಲೆ ನೋಡಿದ.

"ಏನರ ಚಿವುಟಿದ್ಯೇನೋ?"

"ಒಂದ ಸಾಲು, ಅಕ್ಕಾ. ಮಾಮೂಲಿ ಸಾಲು ಅಷ್ಟ."

ಮಂಜುಳಾ ದಡಕ್ಕನೆ ಎದ್ದಳು. "ಯಾಕ್ರಿ ಕಾಕಾ?"

"ಅವಕ್ಕ ನೀವೇನೂ ಮಾಡಿರಲಿಲ್ರಿ, ಪಾಪ. ಬಾಗಲಾ ಸಣ್ಣದು. ಉಣ್ಣೋರರ ಕಡಿಮಿ ಆಗ್ಲಿ, ಇದ್ದವಕ್ಕ ಪಾಲು ಹೆಚ್ಚಿಗಿ ಬರ್ಲಿ ಅಂತ..."

ಮೂವರೂ ಕೂತು ಒಂದೊಂದೇ ಗೊಂಚಲು ನೋಡಿದೆವು. ಮಾಮೂಲಿ ಸಾಲಿನಲ್ಲಿ ನೂರ ಹದಿನಾರು ಚಿವುಟಿದ ಗುರುತು, ಒಂದಕ್ಕಿಂತ ಒಂದು ನೀಟು. ಪಕ್ಕದ ಸಾಲಿನಲ್ಲಿ ಒಂದೂ ಇಲ್ಲ. ಮಂಜುಳಾಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು. ದೊಡ್ಡವರಿಗೆ ಬರೆದಳು, ಆದರೆ ಇನ್ನೊಂದು ಬೆಳೆ ತೆಗೆಯಲು ಅವಕಾಶ ಕೊಡಿ ಎಂದು.

ಆ ಬೆಳೆಗೆ ಮುಂಚೆ ನಾನು ಉಳಿವೆಪ್ಪನ ಅಂಗಿಗೆ ಎರಡು ಜೇಬು ಹೊಲಿದೆ, ಮುಂಗೈ ಮುಳುಗುವಷ್ಟು ಆಳ. ಗಿಡಗಳ ಹತ್ತಿರ ಅವನ ಕೈ ಅದರೊಳಗೇ. ಕಿವಿ ತುರಿಸಿದರೂ ನನ್ನನ್ನೇ ಕರೆಯುತ್ತಿದ್ದ.

ಈ ಸಲ ಮಾಮೂಲಿ ಹಣ್ಣು ನಾಲ್ಕೂವರೆ ಗೆರೆ, ಬದಲಿಸಿದ್ದು ಆರು. ಮಂಜುಳಾ ಅಲ್ಲೇ ಕುಣಿದಳು. ಉಳಿವೆಪ್ಪ ಮಾತ್ರ ಮಾಮೂಲಿ ಸಾಲನ್ನೇ ನೋಡುತ್ತ ಕೇಳಿದ:

"ಅಳತಿ ಮುಗೀತಲ್ರಿ. ಈಗರ ಒಂದು ಕೈ ಹೊರಗ ತಗೀಲೇನ್ರಿ?"