ರಾಗಿ ಮಿಷನ್ ರಸ್ತೆಯ ಅಂಚೆಯಣ್ಣ

ನಮ್ಮ ಬೀದಿಯ ಅಂಚೆಯಣ್ಣ ಯಾರಿಗೂ ಕಾಗದವನ್ನು ಸುಮ್ಮನೆ ಕೊಟ್ಟವರಲ್ಲ. ಸೈಕಲ್ಲಿನಿಂದ ಒಂದು ಕಾಲು ಇಳಿಸಿ, ಕಾಗದವನ್ನು ನಮ್ಮ ಮುಖದ ಮುಂದೆ ಹಿಡಿದು, "ಮೊದ್ಲು ವಿಳಾಸ ಓದಿ" ಅನ್ನುತ್ತಿದ್ದರು. ಕಾರ್ಖಾನೆಯ ಎರಡನೇ ಪಾಳಿಗೆ ಓಡುವ ಹೊತ್ತಿನಲ್ಲಿ ನನಗೆ ರೇಗುತ್ತಿತ್ತು. ಆದರೆ ತೊಂಬತ್ತರ ದಶಕದ ದಾಸರಹಳ್ಳಿಯಲ್ಲಿ ಬಡಾವಣೆಗೊಂದರಂತೆ ಮೊದಲನೇ ಕ್ರಾಸುಗಳಿದ್ದವು. ಅವರ ಎಚ್ಚರಿಕೆ ಸರಿಯೇ ಇತ್ತು.

ಒಮ್ಮೆ, ಮಗಳನ್ನು ದೂರದ ಊರಿಗೆ ಮದುವೆ ಮಾಡಿಕೊಟ್ಟಿದ್ದ ನಮ್ಮ ಮನೆಮಾಲೀಕರಾದ ಗೌಡರು ಬೀದಿಗೆ ತಮ್ಮ ತಂದೆಯ ಹೆಸರಿಡಬೇಕೆಂದು ನಗರಸಭೆಗೆ ಅರ್ಜಿ ಕೊಟ್ಟರು. ಒಪ್ಪಿಗೆಗೆ ಮುಂಚೆ ಬೀದಿಯವರ ಆಕ್ಷೇಪಣೆ ಕೇಳಬೇಕಿತ್ತು. ಮೂಲೆಯಲ್ಲಿ ರಾಗಿ ಬೀಸುವ ಮಿಷನ್ ಇದ್ದದ್ದರಿಂದ ನಮಗೆಲ್ಲ ಅದು ರಾಗಿ ಮಿಷನ್ ರಸ್ತೆ. ನಮ್ಮ ನಮ್ಮ ಊರಿನವರಿಗೂ ಹಾಗೇ ವಿಳಾಸ ಕೊಟ್ಟಿದ್ದೆವು. ಆದರೆ ಅದಕ್ಕಾಗಿ ಕರೆದ ಸಭೆಗೆ ಹೋದ ಬೀದಿಯವರೆಲ್ಲ ಗೌಡರ ಬಾಡಿಗೆದಾರರೇ. "ಯಾರ್ದಾದ್ರೂ ತಕರಾರು ಇದ್ಯೇನ್ರಪ್ಪಾ?" ಎಂದು ಅಧ್ಯಕ್ಷರು ಕೇಳಿದಾಗ ನೆಲ ನೋಡುತ್ತ ಕೂತೆವು.

ಹಿಂದಿನ ಸಾಲಿನಿಂದ ಖಾಕಿ ಅಂಗಿಯ ಅಂಚೆಯಣ್ಣ ಎದ್ದು ಬಂದರು. ಚೀಲದಿಂದ ಒಂದು ಕಾಗದ ತೆಗೆದು ಗೌಡರ ಮುಖದ ಮುಂದೆ ಹಿಡಿದರು.

"ಇವತ್ತಿನ ಟಪಾಲು ಗೌಡ್ರೇ. ಮೊದ್ಲು ವಿಳಾಸ ಓದಿ."

ಗೌಡರು ಅಭ್ಯಾಸಬಲದಿಂದ ಗಟ್ಟಿಯಾಗಿಯೇ ಓದಿದರು: ತಮ್ಮ ಹೆಸರು, ಮನೆ ನಂಬರು, ರಾಗಿ ಮಿಷನ್ ರಸ್ತೆ. ಓದಿದ ಮೇಲೆ ಅವರ ಮುಖ ಕೆಂಪಾಯಿತು.

"ಏನಯ್ಯಾ, ನಮ್ಮಪ್ಪನ ಎಸ್ರಿಗೆ ನಿಂದು ತಕರಾರಾ?"

"ನಂದಲ್ಲ ಗೌಡ್ರೇ," ಅಂದರು ಅಂಚೆಯಣ್ಣ. "ಕೈಬರಹ ನೋಡಿ. ತಕರಾರು ನಿಮ್ಮ ಮಗಳ್ದು."