ಒಂದೇ ಕಿವಿಯ ಜ್ವರ

ಕಾಶಿಯ ಅಸ್ಸಿ ಘಾಟಿನ ಚಹಾದಂಗಡಿಯಲ್ಲಿ ಫ್ರಿಜ್‌ನ ಸ್ಟೆಬಿಲೈಸರ್ ಇವತ್ತು ಬೆಳಿಗ್ಗೆ ‘ಟಕ್’ ಎಂದಿತು. ಮತ್ತೆ ‘ಟಕ್’. ಅಂಗಡಿಯವನು ಅದರ ತಲೆಗೊಂದು ಏಟು ಕೊಟ್ಟ. ಬಾಯಿಗೆ ಹೊರಟಿದ್ದ ನನ್ನ ಕುಲ್ಹಡ್, ಮಣ್ಣಿನ ಲೋಟ, ನಡುವೆಯೇ ನಿಂತಿತು. ಆ ಸದ್ದಿನ ಮೇಲೆ ನನಗೊಂದು ಹಳೆಯ ಹಕ್ಕಿದೆ. ಎರಡು ವರ್ಷದ ಕೆಳಗೆ ಒಂದು ವಾರ ಪೂರ್ತಿ ಅದನ್ನು ಕೇಳಿ, ಬೈದು, ಹೊಡೆದವನು ನಾನು.

ಜಂಗಮವಾಡಿಯ ನಮ್ಮ ಬಾಡಿಗೆ ಮನೆಯ ಮಾಳಿಗೆಯ ಮೇಲೆ ನಾನೊಂದು ಕರೆಂಟು ಹುಟ್ಟಿಸುವ ಗಾಳಿಯಂತ್ರ ಮಾಡಿ ನಿಲ್ಲಿಸಿದ್ದೆ. ಪೈಪು ಸೀಳಿದ ರೆಕ್ಕೆ, ಗುಜರಿಯ ಮೋಟಾರು, ಒಂದು ಕಾರ್ ಬ್ಯಾಟರಿ. ಇನ್ವರ್ಟರ್ ಕೊಂಡಿದ್ದರೆ ಮುಗಿಯುತ್ತಿತ್ತಲ್ಲ ಎನ್ನುತ್ತೀರಿ. ನಿಜ. ಆದರೆ ಕೊಂಡು ತಂದದ್ದರ ಬಗ್ಗೆ ಯಾರ ಮುಂದೆ ಜಂಬ ಕೊಚ್ಚಲಿ? ಅಷ್ಟೆಲ್ಲ ಸಂಭ್ರಮದಿಂದ ಉರಿಯುತ್ತಿದ್ದದ್ದು ಒಂದೇ ದೀಪ, ಮೆಟ್ಟಿಲ ದೀಪ. ಮೇಲಿನ ಕೋಣೆಯ ಗುರವ್ವಜ್ಜಿ ನಸುಕಿಗೆದ್ದು ಗಂಗಾಸ್ನಾನಕ್ಕೆ ಇಳಿಯುತ್ತಿದ್ದದ್ದು ಆ ಬೆಳಕಿನಲ್ಲಿ. ಗದಗದ ಕಡೆಯ ಹಳ್ಳಿಯವಳು. ಕೊನೆಯ ವರ್ಷಗಳನ್ನು ಕಾಶಿಗೆ ಕೊಡಲು ಬಂದವಳು.

ಬೇಸಗೆಯ ಗಾಳಿ ಬೀಸತೊಡಗಿದ್ದೇ ತಡ, ಯಂತ್ರಕ್ಕೂ ಬ್ಯಾಟರಿಗೂ ನಡುವಿನ ತಾನೇ ತಿರುಗುವ ಸ್ವಿಚ್ಚು, ರಿಲೇ, ಕೆಟ್ಟಿತು. ಕೆಟ್ಟಿತು ಎಂದು ನಾನು ತಿಳಿದೆ. ಅದರ ಕೆಲಸ ಸರಳ: ವೋಲ್ಟೇಜು ಮಿತಿ ಮೀರಿದರೆ, ಬ್ಯಾಟರಿ ತುಂಬಿತೆಂದು ತಿಳಿದು ಕರೆಂಟನ್ನು ಒಂದು ಹೀಟರ್ ಸುರುಳಿಯ ಕಡೆ ತಿರುಗಿಸುವುದು. ಬ್ಯಾಟರಿಯೋ ಬರಿದು. ಆದರೂ ಗಾಳಿ ಏರಿದೊಡನೆ ಟಕ್, ಬೇಡ; ಟಕ್, ಬೇಕು. ಸುರುಳಿ ಕೆಂಪಾಗುತ್ತಿತ್ತು, ಮೆಟ್ಟಿಲು ಕತ್ತಲಾಗುತ್ತಿತ್ತು. ಅಜ್ಜಿ ಒಮ್ಮೆ ಜಾರಿ ಕೂತಳು. ಟಾರ್ಚು ಕೊಟ್ಟೆ. “ಒಂದು ಕೈಯಾಗ ತಂಬಿಗಿ, ಒಂದು ಕೈ ಗ್ವಾಡಿಗೆ. ಮೂರನೇ ಕೈ ನೀ ಕೊಡ್ತೀಯೇನೋ ತಮ್ಮಾ?” ಎಂದಳು. ಮನೆ ಮಾಲೀಕ ಹೆದರಿಬಿಟ್ಟ: ಸೋಮವಾರದೊಳಗೆ ದೀಪ ಉರಿಯದಿದ್ದರೆ ಬೆಳಗಾಗುವವರೆಗೆ ಮೆಟ್ಟಿಲ ಬಾಗಿಲಿಗೆ ಬೀಗ, ಮಾತಾಜಿ ನಳದ ನೀರಲ್ಲೇ ಸ್ನಾನ ಮಾಡಲಿ.

“ನಳದ ನೀರಿಗೆ ಕಾಶಿಗ್ಯಾಕ ಬರಬೇಕಿತ್ತು? ನಮ್ಮೂರಾಗೂ ನಳ ಐತಿ” ಎಂದು ಅಜ್ಜಿ ಗೋಡೆಗೆ ಮುಖ ತಿರುಗಿಸಿ ಕೂತಳು.

ರಿಲೇ ಬದಲಿಸಿದೆ. ಟಕ್. ಇನ್ನೊಂದು ತಂದೆ. ಟಕ್. ಗಲ್ಲಿಯ ಮಿಸ್ತ್ರಿ ಮೂರನ್ನೂ ಪರೀಕ್ಷಿಸಿ, “ಭಯ್ಯಾ, ರಿಲೇ ಠೀಕ್ ಹೈ, ಆಪ್ ಹೀ ಗರಮ್ ಹೈಂ” ಎಂದು, ರಿಲೇ ಸರಿಯಿದೆ, ಬಿಸಿಯಾಗಿರುವುದು ನಾನೇ ಎಂದು, ನಕ್ಕ. ಮೀಟರು ಹಿಡಿದರೆ ವೋಲ್ಟೇಜು ತನ್ನ ಮಿತಿ ಹದಿನಾಲ್ಕೂವರೆಯನ್ನು ದಾಟಿದ್ದೂ ನಿಜ. ರಿಲೇಯೂ ನಿಜ, ಬರಿದಾದ ಬ್ಯಾಟರಿಯೂ ನಿಜ. ಸುಳ್ಳು ಯಾರದು?

ಇಲ್ಲಿಂದ ಮುಂದಿನ ನನ್ನ ನೆನಪನ್ನು ಪೂರ್ತಿ ನಂಬಬೇಡಿ. ಕಂಡುಹಿಡಿದದ್ದು ಅಜ್ಜಿ ಎನ್ನುತ್ತೇನೆ ನಾನು. “ಸುಳ್ಳ, ಕಂಡಹಿಡದಾಂವ ನೀನ” ಎನ್ನುತ್ತಾಳೆ ಅವಳು. ಭಾನುವಾರ ಬೆಳಿಗ್ಗೆ ಎಂದು ನನಗೆ ನೆನಪು. ಒಣಗಿದ ಸೀರೆ ತೆಗೆಯಲು ಮಾಳಿಗೆಗೆ ಬಂದವಳು, ದೇವರ ಮುಂದೆ ಮಾಡುವಂತೆ, ಬ್ಯಾಟರಿ ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಹೋಗಿ ಕೈ ಹಿಂದೆಳೆದಳು.

“ತಮ್ಮಾ, ಇದಕ್ಕ ಜ್ವರ ಬಂದಾವ. ಒಂದ ಕಿವಿಗೆ ಮಾತ್ರ!”

ಕಿವಿ ಎಂದರೆ ಟರ್ಮಿನಲ್, ತಂತಿ ಕಚ್ಚಿಸುವ ಗೂಟ. ಒಂದು ತಣ್ಣಗಿತ್ತು, ಇನ್ನೊಂದು ಸುಡುತ್ತಿತ್ತು. ಈವರೆಗೆ ಮೀಟರಿನ ಕಡ್ಡಿಯನ್ನು ಅದರ ಮೇಲೆ ತಂತಿ ಬಿಗಿದಿಟ್ಟ ಕ್ಲಾಂಪಿಗೇ ಇಡುತ್ತಿದ್ದವನು, ಈಗ ಅರ್ಧ ಬೆರಳು ಕೆಳಗೆ, ಸೀಸದ ಗೂಟಕ್ಕೇ ಇಟ್ಟೆ. ಹನ್ನೆರಡೂವರೆ! ಎರಡು ವೋಲ್ಟು ಆ ಅರ್ಧ ಬೆರಳಿನ ಸಂದಿಯಲ್ಲಿ ಕಳೆದುಹೋಗುತ್ತಿತ್ತು. ಕ್ಲಾಂಪು ಬಿಚ್ಚಿದೆ. ಒಳಗೆ ಬೆಳ್ಳಗೆ, ಗಟ್ಟಿಯಾಗಿ, ಮೂರು ಪಟ್ಟೆ.

ವಿಭೂತಿ.

ಹಿಂದಿನ ದಸರೆಗೆ, ಖಂಡೇಪೂಜೆ ಎನ್ನುವ ಆಯುಧಪೂಜೆಯ ದಿನ, ನಾನು ಕ್ಲಾಂಪು ಬಿಚ್ಚಿ ಬ್ಯಾಟರಿ ಒರೆಸಿದ್ದೆ. ಅಜ್ಜಿ ಬಂದು ಅದರ ಎರಡು ಕಿವಿಗಳಲ್ಲಿ ದೊಡ್ಡದಕ್ಕೆ ನೆನೆಸಿದ ವಿಭೂತಿ ಬಳಿದಿದ್ದಳು. ಒರೆಸಲು ನನಗೆ ಮನಸ್ಸಾಗದೆ ಅದರ ಮೇಲೆಯೇ ಬಿಗಿದಿದ್ದೆ. ಹಾಗಾದರೆ ಚಳಿಗಾಲವೆಲ್ಲ ಹೇಗೆ ನಡೆಯಿತು? ಇದೇ ಜಾಗದಲ್ಲಿ ನನ್ನ ನೆನಪು ಕಟ್ಟುಕತೆ ಎಂದು ನನಗೇ ಅನುಮಾನ ಬಂದಿತ್ತು. ಉತ್ತರ ಗಾಳಿಯಲ್ಲಿತ್ತು. ಚಳಿಗಾಲದ ಗಾಳಿ ಮೆಲ್ಲಗೆ, ಕರೆಂಟು ತೆಳ್ಳಗೆ, ಹೇಗೋ ನುಸುಳುತ್ತಿತ್ತು. ಬೇಸಗೆಯ ರಭಸಕ್ಕೆ ಆ ಸಂದಿ ಸಾಲಲಿಲ್ಲ. ರಿಲೇ ತಾನು ನಿಂತ ಜಾಗದಿಂದ ಕಂಡದ್ದನ್ನು ನಿಷ್ಠೆಯಿಂದ ಹೇಳಿತ್ತು. ಹೊಡೆಸಿಕೊಂಡಿತ್ತು.

“ಅಯ್ಯ ಶಿವನ! ನನ್ನ ದೀಪ ನಾನ ಕೆಡಿಸಿದ್ನೇನು?”

“ನೀನು ಹಚ್ಚಿದ್ದು ವಿಭೂತಿ ಅಜ್ಜಿ. ಅದರ ಮೇಲೆ ಸ್ಪ್ಯಾನರ್ ತಿರುಗಿಸಿದ್ದು ನಾನು.”

ಉಪ್ಪುಕಾಗದದಿಂದ ಉಜ್ಜಿ ಬಿಗಿದೆ. ಅವತ್ತು ಲೂ, ಇಲ್ಲಿನ ಬೇಸಗೆಯ ಬಿಸಿಗಾಳಿ, ಹುಚ್ಚೆದ್ದು ಬೀಸಿತು. ರಿಲೇ ಉಸಿರೆತ್ತಲಿಲ್ಲ. ಅಜ್ಜಿ ಸೀರೆ ಮಡಿಸುವುದನ್ನು ಬಿಟ್ಟು ಅದರ ಮುಂದೆಯೇ ಕೂತು, “ಮಾತಾಡವಲ್ದಲ್ಲೋ!” ಎಂದು ಮಗುವಿನಂತೆ ನಕ್ಕಳು. ಸೋಮವಾರ ನಸುಕಿಗೆ, ಮಾಲೀಕ ಬೀಗ ಹಿಡಿದು ನೋಡುತ್ತಿದ್ದಂತೆಯೇ, ತಂಬಿಗೆ ಹಿಡಿದು ಮಹಾರಾಣಿಯ ಹಾಗೆ ಮೆಟ್ಟಿಲಿಳಿದಳು. ಈಗ ಖಂಡೇಪೂಜೆಗೆ ಬ್ಯಾಟರಿಯ ಹೊಟ್ಟೆಗೆ ವಿಭೂತಿ, ಕಿವಿಗಿಲ್ಲ. ಇವತ್ತೂ ಇಳಿದಿದ್ದಾಳೆ, ನನ್ನನ್ನು ಎಬ್ಬಿಸಿದ್ದೇ ಅವಳ ತಂಬಿಗೆಯ ಸದ್ದು.

‘ಟಕ್.’ ಅಂಗಡಿಯವನು ಮತ್ತೆ ಕೈ ಎತ್ತಿದ. “ಮಾರೋ ಮತ್, ಭಯ್ಯಾ” ಎಂದು ಏಟು ತಡೆಯುತ್ತ ಕುಲ್ಹಡ್ ಕೆಳಗಿಟ್ಟು ಎದ್ದೆ. ಪ್ಲಗ್ಗು ಕಿತ್ತು, ಮೊದಲು ಅದರ ಕಿವಿ ಮುಟ್ಟಿ ನೋಡಬೇಕು.