ಹದಿನೈದು ವರ್ಷಗಳಿಂದ ನನಗೆ ಪರಿಚಿತರು

ಮಾನ್ಯ ಓದುಗರೇ,

ಮೊದಲಿಗೆ ಕ್ಷಮಾಪಣೆ. ಈ ಬರಹವನ್ನು ನಾನು ಕೈಯಲ್ಲಿ ಬರೆದು, ಪುಟಗಳ ಫೋಟೊ ತೆಗೆದು ಸಂಪಾದಕರಿಗೆ ಕಳುಹಿಸುತ್ತಿದ್ದೇನೆ. ನನ್ನ ಅಕ್ಷರ ಮೊದಲೇ ಚೆನ್ನಾಗಿಲ್ಲ. ಮಹಾಪ್ರಾಣಗಳಂತೂ ಈ ದೇಶಕ್ಕೆ ಬಂದ ಮೇಲೆ ಒಂದೊಂದಾಗಿ ನನ್ನನ್ನು ಕೈಬಿಟ್ಟಿವೆ. ಅಚ್ಚಿನಲ್ಲಿ ಉಳಿದುಕೊಳ್ಳುವ ಕಾಗುಣಿತದ ದೋಷಗಳಿಗೆ ನಾನೇ ಹೊಣೆ, ಸಂಪಾದಕರಲ್ಲ.

ಈ ಜಾಗದಲ್ಲಿ ವಾರವಾರವೂ ಬರೆಯುವವರು ರಜೆಯ ಮೇಲೆ ಮೈಸೂರಿಗೆ ಹೋಗಿದ್ದಾರೆ. ಅವರ ಸ್ಥಾನದಲ್ಲಿ ನಾನು ಬರೆಯಬೇಕೆಂದು ಸಂಪಾದಕ ಪ್ರಸನ್ನ ಸೂಚಿಸಿದರು. ಪತ್ರಗಳನ್ನು ಬಿಟ್ಟು ಬೇರೇನನ್ನೂ ಬರೆದವನಲ್ಲ ಎಂದು ವಿನಂತಿಸಿಕೊಂಡೆ. ‘ಹಾಗಿದ್ರೆ ಪತ್ರಾನೇ ಬರೀರಿ’ ಎಂದರು. ಆದ್ದರಿಂದ ಇದು ಪತ್ರ.

ವಿಷಯ: ನಾನು ನೀಡಿದ ಪ್ರಮಾಣಪತ್ರವೊಂದು ತಿದ್ದುಪಡಿಯಾಗಿ ಹಿಂದಿರುಗಿದ ಬಗ್ಗೆ.

ಪರಿಚಯ ಅಗತ್ಯ. ನಾನು ಮೈಸೂರಿನ ಕಾಲೇಜೊಂದರ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ಸನ್ನಡತೆಯ ಪ್ರಮಾಣಪತ್ರಗಳನ್ನು ಸಿದ್ಧಪಡಿಸುವುದು ನನ್ನ ಮೇಜಿನ ಕೆಲಸವಾಗಿತ್ತು. ನನ್ನ ಹೆಂಡತಿ ಸುಗುಣಾ ನರ್ಸ್. ವೀಸಾ ಅವಳಿಗೆ ಬಂತು. ನಾನು ಅದರ ಲಗತ್ತಾಗಿ ಬಂದೆ. ಮೊದಲು ಪರ್ತ್, ಕೆಲವು ವರ್ಷಗಳಿಂದ ಬ್ರಿಸ್ಬೇನ್. ಈ ಊರಿನ ಓದುಗರಲ್ಲಿ ಅನೇಕರ ಬಾಡಿಗೆ ಮನೆಯ ಅರ್ಜಿಯೊಂದಿಗೆ ನನ್ನ ರೆಫರೆನ್ಸ್ ಲೆಟರ್ ಇದೆ. ಇವರು ಶಾಂತ ಸ್ವಭಾವದವರು, ಗೋಡೆಗೆ ಮೊಳೆ ಹೊಡೆಯುವವರಲ್ಲ ಎಂದು ಬರೆದವನು ನಾನೇ. (ಹೊಡೆದ ಇಬ್ಬರು ಯಾರೆಂದು ನನಗೆ ಗೊತ್ತು. ಹೆಸರಿಸುವುದಿಲ್ಲ.)

ಇಷ್ಟು ವರ್ಷಗಳಲ್ಲಿ ನನ್ನ ಒಂದು ಪತ್ರವೂ ಮರಳಿ ಬಂದಿರಲಿಲ್ಲ. ಮೂರು ತಿಂಗಳ ಹಿಂದೆ ಬಂತು.

ಅಡಿಲೇಡ್‌ನಿಂದ ಸುಧೀರ್ ಫೋನ್ ಮಾಡಿದ್ದರಿಂದ ಇದು ಆರಂಭವಾಯಿತು. ಸುಧೀರ್ ಪರ್ತ್‌ನಲ್ಲಿ ನಮ್ಮ ನೆರೆಯವರಾಗಿದ್ದವರು. ಹೆಂಡತಿ ಡಾಕ್ಟರ್, ಅವರಿಗೆ ಅಡಿಲೇಡ್‌ನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಾಗ ಕುಟುಂಬ ಅಲ್ಲಿಗೆ ಹೋಯಿತು. ಅವರ ಮಗಳು ಕೃಪಾಳಿಗೆ ಈಗ ಹದಿನೈದು ತುಂಬಿ ಕೆಲವು ತಿಂಗಳು. ನಾನು ಅವಳ ಗಾಡ್‌ಫಾದರ್.

ಇಲ್ಲಿ ನನ್ನ ಹಿಂದೂ ಓದುಗರಿಗೆ ಒಂದು ವಿವರಣೆ. ಈ ಸಂಗತಿ ಹೇಳಿದಾಗ ಪ್ರಸನ್ನ, ‘ನಮ್ಮ ನಾಮಕರಣದ ಥರಾನಾ?’ ಎಂದು ವಿಚಾರಿಸಿದರು. ಅಲ್ಲ. ಮಗುವಿನ ಹೆಸರನ್ನು ಅಂದು ಹೇಳುತ್ತಾರೆ, ನಿಜ. ಆದರೆ ದೀಕ್ಷಾಸ್ನಾನ ಹೆಸರಿಗಾಗಿ ಅಲ್ಲ. ಹಳೆಯ ಬದುಕು ನೀರಿನಲ್ಲಿ ಮುಳುಗಿತು, ಇನ್ನು ಮೇಲೇಳುವುದು ಕ್ರಿಸ್ತನ ಹಿಂದೆ ನಡೆಯುವ ಬದುಕು ಎಂಬುದಕ್ಕೆ ಅದು ಗುರುತು. ಆರು ತಿಂಗಳ ಮಗುವಿಗೆ ಯಾವ ಹಳೆಯ ಬದುಕು? ಅದು ಒಪ್ಪಿಗೆ ಕೊಡುವುದಾದರೂ ಹೇಗೆ? ಆದ್ದರಿಂದ ಅದರ ಪರವಾಗಿ ತಂದೆತಾಯಿಯೂ ಗಾಡ್‌ಪೇರೆಂಟ್‌ಗಳೂ ಉತ್ತರ ಕೊಡುತ್ತಾರೆ. ಮುಂದೆ ಮಗು ಬೆಳೆದು, ಅಂದು ನನ್ನ ಪರವಾಗಿ ಆಡಿದ ಮಾತನ್ನು ಇಂದು ನಾನೇ ಆಡುತ್ತೇನೆ ಎಂದು ಸಭೆಯ ಮುಂದೆ ನಿಲ್ಲುತ್ತದೆ. ಅದಕ್ಕೆ ದೃಢೀಕರಣ ಎನ್ನುತ್ತೇವೆ. (ನಡುವಿನ ವರ್ಷಗಳಲ್ಲಿ ಆಗಬೇಕಾದದ್ದನ್ನು ದೀಕ್ಷಾಸ್ನಾನದ ಕೇಕ್ ಕತ್ತರಿಸುವ ಹೊತ್ತಿಗೇ ಎಲ್ಲರೂ ಮರೆತಿರುತ್ತಾರೆ.)

ಕೃಪಾ ದೃಢೀಕರಣದ ಕ್ಲಾಸಿಗೆ ಹೋಗುತ್ತಿದ್ದಳು. ಅಲ್ಲಿನ ಪಾಸ್ಟರ್, ಆ ಊರಿನವರೇ ಆದ ಒಬ್ಬ ಮಹಿಳೆ, ಪ್ರತಿ ಅಭ್ಯರ್ಥಿಯೂ ಗಾಡ್‌ಪೇರೆಂಟ್‌ನಿಂದ ಒಂದು ಪತ್ರ ತರಬೇಕೆಂದು ತಿಳಿಸಿದ್ದರಂತೆ. ಈ ಮಗು ಶಿಷ್ಯತ್ವದ ದಾರಿಯಲ್ಲಿ ನಡೆಯುತ್ತಿರುವುದನ್ನು ನೀವು ಹೇಗೆ ಕಂಡಿದ್ದೀರಿ? ಇಷ್ಟೇ ಪ್ರಶ್ನೆ.

‘ಒಂದ್ ಲೆಟರ್ ಅಷ್ಟೇ ಅಣ್ಣ. ನಿಮಗೆ ನೀರು ಕುಡಿದ ಹಾಗೆ’ ಎಂದರು ಸುಧೀರ್. ಆಮೇಲೆ ದನಿ ತಗ್ಗಿಸಿದರು. ‘ಅವಳು ಯಾಕೋ ನಿಲ್ಲಲ್ಲ ಅಂತಿದಾಳೆ. ನಿಮ್ಮ ಲೆಟರ್ ನೋಡಿದ್ರೆ ಸರಿಹೋಗ್ತಾಳೆ.’

ಹದಿನೈದು ನಿಮಿಷಗಳಲ್ಲಿ ಪತ್ರ ಸಿದ್ಧವಾಯಿತು. ಮೂಲ ಇಂಗ್ಲಿಷಿನಲ್ಲಿದೆ. ಕನ್ನಡದಲ್ಲಿ ಹೀಗೆ:

‘ಕುಮಾರಿ ಕೃಪಾ ಅವರು ಕಳೆದ ಹದಿನೈದು ವರ್ಷಗಳಿಂದ ನನಗೆ ವೈಯಕ್ತಿಕವಾಗಿ ಪರಿಚಿತರು. ಇವರ ದೀಕ್ಷಾಸ್ನಾನದ ದಿನ ನಾನು ಹಾಜರಿದ್ದೆನು. ಇವರು ಪ್ರಾರ್ಥನೆಯಲ್ಲಿ ನಿಯಮಿತರೂ ಹಿರಿಯರಲ್ಲಿ ವಿಧೇಯರೂ ಆಗಿರುತ್ತಾರೆ. ನನ್ನ ಅರಿವಿನ ಮಟ್ಟಿಗೆ ಇವರ ನಡತೆ ಉತ್ತಮವಾಗಿದೆ. ಇವರ ಮುಂದಿನ ಎಲ್ಲ ಪ್ರಯತ್ನಗಳಿಗೆ ಶುಭ ಕೋರುತ್ತೇನೆ.’

ಸಹಿ, ದಿನಾಂಕ, ಸ್ಕ್ಯಾನ್, ರವಾನೆ.

ಎರಡು ದಿನಗಳ ನಂತರ ಉತ್ತರ ಬಂತು. ನಾನು ಇಲ್ಲಿನ ಫೋರ್ಟಿಟ್ಯೂಡ್ ವ್ಯಾಲಿಯ ಕ್ಲಿನಿಕ್ಕೊಂದರ ರೆಕಾರ್ಡ್ಸ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಸಂಜೆಯ ರೈಲು ಕಾಯುತ್ತ ಫೋನ್ ತೆರೆದೆ. ಸುಧೀರ್ ಕಳುಹಿಸಿದ್ದೆಂದು ಭಾವಿಸಿದ್ದೆ. ಕಳುಹಿಸಿದವಳು ಕೃಪಾ. ನನ್ನ ಪತ್ರವನ್ನು ಪ್ರಿಂಟ್ ತೆಗೆದು, ಹಸಿರು ಶಾಯಿಯಲ್ಲಿ ತಿದ್ದಿ, ಫೋಟೊ ಕಳುಹಿಸಿದ್ದಳು.

ನಮ್ಮ ಕಚೇರಿಗಳಲ್ಲಿ ಹಸಿರು ಶಾಯಿ ಗೆಜೆಟೆಡ್ ಅಧಿಕಾರಿಗಳಿಗೆ ಮೀಸಲು. ನಾನು ರೈಲು ಬಂದದ್ದನ್ನೂ ಗಮನಿಸಲಿಲ್ಲ.

‘ವೈಯಕ್ತಿಕವಾಗಿ ಪರಿಚಿತರು’ ಎಂಬುದರ ಪಕ್ಕದಲ್ಲಿ: ನಾವು ಮಾತಾಡಿದ್ದು ಯಾವಾಗ? ‘ಪ್ರಾರ್ಥನೆಯಲ್ಲಿ ನಿಯಮಿತರು’ ಎಂಬುದರ ಪಕ್ಕದಲ್ಲಿ: ನಿಮಗೆ ಹೇಗೆ ಗೊತ್ತು? ‘ಹಿರಿಯರಲ್ಲಿ ವಿಧೇಯರು’ ಎಂಬುದರ ಪಕ್ಕದಲ್ಲಿ: ಅಮ್ಮನನ್ನು ಕೇಳಿ. ಹೊಡೆದುಹಾಕದೆ ಸರಿ ಗುರುತು ಹಾಕಿದ್ದ ವಾಕ್ಯ ಒಂದೇ. ದೀಕ್ಷಾಸ್ನಾನದ ದಿನ ನಾನು ಹಾಜರಿದ್ದೆನು.

ಕೆಳಗೆ ನಾಲ್ಕು ಸಾಲು. ಅವಳಿಗೆ ನನ್ನ ಮೇಲೆ ಸಿಟ್ಟಿಲ್ಲವಂತೆ. ಆದರೆ ಹೀಗೆ ಎಲ್ಲರೂ ಎಲ್ಲದಕ್ಕೂ ಸಹಿ ಹಾಕುವುದಾದರೆ ತಾನು ಎದ್ದು ನಿಂತು ಹೇಳುವ ಮಾತೂ ಅಂಥದೇ ಒಂದು ಸಹಿಯಾಗುತ್ತದೆ. ಅದಕ್ಕಿಂತ ನಿಲ್ಲದಿರುವುದು ವಾಸಿ. ಕೊನೆಗೆ ಒಂದು ಪ್ರಶ್ನೆ: ನನ್ನ ಪರವಾಗಿ ನೀವು ಅಂದು ಏನೆಂದು ಮಾತು ಕೊಟ್ಟಿರಿ?

ನನಗೆ ನೆನಪಿರಲಿಲ್ಲ.

ಮನೆಗೆ ಬಂದು ಕಡತ ತೆಗೆದೆ. ನಾನು ಕಾಗದ ಎಸೆಯುವವನಲ್ಲ. ಕೃಪಾಳ ದೀಕ್ಷಾಸ್ನಾನದ ಆರಾಧನಾ ಕ್ರಮದ ಮುದ್ರಿತ ಹಾಳೆ ಸಿಕ್ಕಿತು, ಜೊತೆಗೆ ಇನ್ನೂ ಆರು. ಒಟ್ಟು ಏಳು ಮಕ್ಕಳಿಗೆ ನಾನು ಗಾಡ್‌ಫಾದರ್. ಇದು ಭಕ್ತಿಯ ಲಕ್ಷಣವಲ್ಲ. ಆಗ ಪರ್ತ್‌ನಲ್ಲಿ ನಮ್ಮ ಕನ್ನಡ ಆರಾಧನೆ ತಿಂಗಳಿಗೊಮ್ಮೆ, ಬೇರೆ ಚರ್ಚಿನವರ ಹಾಲ್‌ನಲ್ಲಿ. ಇದ್ದ ಕುಟುಂಬಗಳು ಬೆರಳೆಣಿಕೆ. ಮುದ್ರಿತ ಕನ್ನಡವನ್ನು ಎಡವದೆ ಓದುತ್ತಿದ್ದವನು ನಾನೊಬ್ಬ. ಹೀಗಾಗಿ ಯಾರಿಗೆ ಮಗುವಾದರೂ ನನ್ನನ್ನೇ ಕರೆಯುತ್ತಿದ್ದರು. ನಾನು ಸ್ಪಷ್ಟವಾಗಿ ಓದುತ್ತಿದ್ದೆ. ಆಮೇಲೆ ಬಿರಿಯಾನಿ.

ಆ ದಿನ ವಿಪರೀತ ಸೆಕೆ. ಹಾಲ್‌ನ ಏಸಿ ಕೆಟ್ಟಿತ್ತು. ನೀರು ಸುಧೀರ್ ಮನೆಯ ಸ್ಟೀಲ್ ಪಾತ್ರೆಯಲ್ಲಿ. ನನ್ನ ಎರಡು ಕೈಯಲ್ಲೂ ಕಾಗದವಿದ್ದುದರಿಂದ ಮಗುವನ್ನು ಸುಗುಣಾ ಎತ್ತಿಕೊಂಡಿದ್ದಳು.

ಈಗ ಆ ಕಾಗದವನ್ನು ಓದಿದೆ. ಈ ಮಗುವಿಗಾಗಿ ಪ್ರಾರ್ಥಿಸುವಿರಾ? ನಂಬಿಕೆಯಲ್ಲಿ ನಡೆಯುವುದನ್ನು ನಿಮ್ಮ ನಡತೆಯಿಂದ ಇವಳಿಗೆ ಕಲಿಸುವಿರಾ? ಪ್ರತಿಯೊಂದರ ಕೆಳಗೂ ನಾನು ಹೇಳಿದ ಉತ್ತರ: ಹೌದು, ದೇವರ ಸಹಾಯದಿಂದ. ಅಂಚಿನಲ್ಲಿ ಪೆನ್ಸಿಲಿನ ಸಣ್ಣ ಗೆರೆಗಳು. ಏನಿದು ಎಂದು ನೋಡಿದೆ. ಓದುವಾಗ ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಹಾಕಿಕೊಂಡ ಗುರುತುಗಳು.

ಮಾತು ಕೊಟ್ಟದ್ದಕ್ಕೆ ಗುರುತಿಲ್ಲ. ಉಸಿರಾಡಿದ್ದಕ್ಕೆ ಇದೆ.

ಶಿಫ್ಟ್ ಮುಗಿಸಿ ಬಂದ ಸುಗುಣಾಳಿಗೆ ಎಲ್ಲವನ್ನೂ ವರದಿ ಮಾಡಿದೆ. ಅವಳು ಶೂ ಬಿಚ್ಚುತ್ತಲೇ ಕೇಳಿಸಿಕೊಂಡಳು. ‘ಏಳು ಮಕ್ಕಳಿಗೆ ಒಂದೇ ಉಸಿರಲ್ಲಿ ಹೌದು ಅಂದ್ರಿ. ನಾನು ಸನ್ನಿಬ್ಯಾಂಕ್ ಮಾರ್ಕೆಟ್‌ಗೆ ತರಕಾರಿಗೆ ಬರ್ತೀರಾ ಅಂದ್ರೆ ಯೋಚನೆ ಮಾಡ್ತೀರಿ’ ಎಂದಳು. ಸತ್ಯ. ಅವಳೂ ಆ ಏಳು ಮಕ್ಕಳ ಗಾಡ್‌ಮದರ್ ಎಂದು ನೆನಪಿಸಿದೆ. ಬಿಚ್ಚಿದ ಶೂಗಳನ್ನು ಎರಡು ಸಲ ಜೋಡಿಸಿಟ್ಟಳು.

ಓದುಗರು ಪರ್ತ್‌ನ ಒಂದು ಪದ್ಧತಿಯನ್ನು ಬಲ್ಲರು. ಕೌನ್ಸಿಲ್ ಲಾರಿ ಬರುವ ವಾರ ಬೇಡದ ಸೋಫಾ, ಮಂಚಗಳನ್ನು ಮನೆಯ ಮುಂದಿನ ಹುಲ್ಲಿನ ಮೇಲೆ ಇಡುತ್ತೇವೆ. ನಾವೆಲ್ಲ ಕೆಲಸ ಬದಲಾದಂತೆ ಊರು ಬದಲಿಸುವವರು. ಪ್ರತಿ ಊರಿನಲ್ಲೂ ಏನೇನು ಹುಲ್ಲಿನ ಮೇಲೆ ಇಟ್ಟು ಬಂದಿದ್ದೇವೆ? ನಾನು ಏಳು ‘ಹೌದು’ಗಳನ್ನು ಇಟ್ಟು ಬಂದಿದ್ದೆ. ಸಂಪರ್ಕವೇ ಇರಲಿಲ್ಲ ಎನ್ನಲಾಗದು. ಹುಟ್ಟುಹಬ್ಬಕ್ಕೆ ಏಳೂ ಮಕ್ಕಳಿಗೆ ವಾಟ್ಸಾಪ್‌ನಲ್ಲಿ ಒಂದೇ ಸಂದೇಶ, ಹೆಸರು ಮಾತ್ರ ಬದಲು. (ಕಳೆದ ವರ್ಷ ಅದನ್ನೂ ಬದಲಿಸದೆ ಕೃಪಾಳಿಗೆ ‘ಪ್ರಿಯ ಡೇನಿಯಲ್’ ಎಂದು ಹೋಗಿತ್ತು. ಡೇನಿಯಲ್ ಏಳರಲ್ಲಿ ಇನ್ನೊಬ್ಬ. ಅವಳು ಥ್ಯಾಂಕ್ಸ್ ಎಂದು ಉತ್ತರಿಸಿದ್ದಳು.)

ಶನಿವಾರ ಆರ್ವೊ, ಅಂದರೆ ಮಧ್ಯಾಹ್ನದ ಮೇಲೆ, ವಿಡಿಯೊ ಕಾಲ್ ಮಾಡಿದೆ. ಕೃಪಾಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಸೆಕೆ, ಪಾತ್ರೆ, ಕಾಗದ, ಬಿರಿಯಾನಿ, ಎಲ್ಲವನ್ನೂ ಹೇಳಿದೆ. ಕೊಟ್ಟ ಮಾತುಗಳನ್ನು ಓದಿ ಹೇಳಿದೆ. ಅವಳು ಕೊನೆಯವರೆಗೂ ಕೇಳಿಸಿಕೊಂಡಳು. ನಂತರ, ಹಾಗಾದರೆ ನೀವು ನನಗೋಸ್ಕರ ಪ್ರಾರ್ಥನೆ ಮಾಡುತ್ತಿದ್ದೀರಾ ಎಂದು ಪ್ರಶ್ನಿಸಿದಳು.

ಮೂರು ಉತ್ತರಗಳು ಸಿದ್ಧವಿದ್ದವು. ‘ಆಗಾಗ’, ‘ಮನಸ್ಸಿನಲ್ಲಿ’, ‘ಎಲ್ಲರಿಗಾಗಿ’. ಮೂರೂ ಕಚೇರಿಯ ಭಾಷೆಗೆ ಒಗ್ಗುವಂಥವು.

‘ಇಲ್ಲಮ್ಮ’ ಎಂದೆ.

ಅವಳು ಮೊದಲ ಬಾರಿಗೆ ನಕ್ಕಳು. ‘ಓಕೆ. ಅದನ್ನೇ ಬರೀರಿ.’ ಇದನ್ನು ಕನ್ನಡದಲ್ಲೇ ಹೇಳಿದಳು.

ಇಲ್ಲ ಎಂಬ ಪದವಿರುವ ಪ್ರಮಾಣಪತ್ರವನ್ನು ನಾನು ಎಂದೂ ಬರೆದವನಲ್ಲ. ಅದಕ್ಕೆ ನಮೂನೆಯೇ ಇಲ್ಲ. ನಾಲ್ಕು ಸಾಲಿಗೆ ನಾಲ್ಕು ದಿನ ಹಿಡಿಯಿತು. ಕನ್ನಡದಲ್ಲಿ ಹೀಗೆ:

‘ಕೃಪಾ ನನಗೆ ಪರಿಚಿತಳಲ್ಲ. ಅವಳ ದೀಕ್ಷಾಸ್ನಾನದ ದಿನ ಹಾಜರಿದ್ದೆ, ಆನಂತರ ಗೈರುಹಾಜರು. ಅವಳಿಗಾಗಿ ಪ್ರಾರ್ಥಿಸುತ್ತೇನೆಂದು ಮಾತು ಕೊಟ್ಟು ಪ್ರಾರ್ಥಿಸಲಿಲ್ಲ. ಅವಳ ಬಗ್ಗೆ ನನಗೆ ಖಚಿತವಾಗಿ ಗೊತ್ತಿರುವುದು ಒಂದೇ ಸಂಗತಿ: ನಿಜವಲ್ಲದ ಪತ್ರ ಹಿಡಿದು ದೇವರ ಮುಂದೆ ನಿಲ್ಲಲು ಅವಳು ಒಪ್ಪಲಿಲ್ಲ.’

ಶುಭ ಕೋರಲಿಲ್ಲ.

ಕೃಪಾಳಿಂದ ಬಂದದ್ದು ಒಂದು ಸರಿ ಗುರುತು ಮಾತ್ರ. ಒಪ್ಪಿಗೆಯೋ, ಸ್ವೀಕೃತಿಯೋ ತಿಳಿಯಲಿಲ್ಲ. ಸುಧೀರ್ ಮಾತ್ರ ಫೋನ್ ಮಾಡಿದರು. ‘ಏನ್ ಬರೆದ್ಬಿಟ್ರಿ ಅಣ್ಣ? ಇದನ್ನ ಪಾಸ್ಟರ್ ಕೈಗೆ ಹೇಗೆ ಕೊಡ್ಲಿ? ಅವಳು ನಿಲ್ತೀನಿ ಅಂತಾನೂ ಹೇಳ್ತಿಲ್ಲ, ಇಲ್ಲ ಅಂತಾನೂ ಹೇಳ್ತಿಲ್ಲ.’ ಅವರ ಅಸಮಾಧಾನ ನ್ಯಾಯವಾದದ್ದು.

ಸುಗುಣಾ ಅಡಿಲೇಡ್‌ಗೆ ಟಿಕೆಟ್ ತೆಗೆದಳು. ‘ಹೋಗೋಣ. ಅವಳು ನಿಲ್ಲದೇ ಇದ್ರೆ ನಾವಾದ್ರೂ ನಿಲ್ಲೋಣ’ ಎಂದಳು.

ಭಾನುವಾರದ ಆರಾಧನೆಯಲ್ಲಿ ಪಾಸ್ಟರ್ ನಾಲ್ವರ ಹೆಸರು ಕರೆದರು. ಮೂವರು ಎದ್ದು ಮುಂದೆ ಹೋದರು. ಕೃಪಾ ಕುಳಿತೇ ಇದ್ದಳು. ಸುಧೀರ್ ಕಾರ್ಪೆಟ್ ನೋಡುತ್ತಿದ್ದರು. ಪಾಸ್ಟರ್ ಎರಡನೆಯ ಬಾರಿ ಕರೆಯಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಕಾದರು. ಕಚೇರಿಯಲ್ಲಾಗಿದ್ದರೆ ಮುಂದಿನ ಟೋಕನ್ ಕರೆಯುತ್ತಿದ್ದೆವು.

ಕೃಪಾ ಎದ್ದಳು. ಎದ್ದವಳು ಮುಂದೆ ಹೋಗದೆ ನಮ್ಮ ಸಾಲಿನ ಬಳಿಗೆ ಬಂದಳು. ಆ ಸಭೆಯ ಪದ್ಧತಿಯಂತೆ ಗಾಡ್‌ಪೇರೆಂಟ್‌ಗಳೂ ಅಭ್ಯರ್ಥಿಯ ಪಕ್ಕದಲ್ಲಿ ನಿಂತು ಮತ್ತೊಮ್ಮೆ ಉತ್ತರಿಸಬೇಕು. ನಾನು ಮುನ್ನೆಚ್ಚರಿಕೆಯಿಂದ ಆರಾಧನಾ ಕ್ರಮವನ್ನು ಕೈಯಲ್ಲಿ ಹಿಡಿದಿದ್ದೆ. ಪೆನ್ಸಿಲ್ ಗುರುತುಗಳನ್ನೂ ಹಾಕಿಕೊಂಡಿದ್ದೆ.

‘ಅಂಕಲ್, ಪೇಪರ್ ಬೇಡ’ ಎಂದಳು.

ಬೆಂಚಿನ ಮೇಲಿಟ್ಟೆ. ಅವಳೊಂದಿಗೆ ನಾವಿಬ್ಬರೂ ಮುಂದೆ ಹೋದೆವು.

ಅವಳನ್ನು ಕೇಳಿದ ಪ್ರಶ್ನೆಗಳಿಗೆ ಅವಳು ನಿಧಾನವಾಗಿ ಉತ್ತರ ಕೊಟ್ಟಳು. ಪ್ರತಿ ಉತ್ತರಕ್ಕೂ ಮೊದಲು ಒಂದು ಕ್ಷಣ ನಿಂತಳು, ನಿಜವೋ ಅಲ್ಲವೋ ನೋಡಿಕೊಳ್ಳುವವಳ ಹಾಗೆ. ಆಮೇಲೆ ಪಾಸ್ಟರ್ ನಮ್ಮತ್ತ ತಿರುಗಿ, ಇವಳಿಗಾಗಿ ಪ್ರಾರ್ಥಿಸುವಿರಾ ಎಂದು ಕೇಳಿದರು. ಸುಗುಣಾ ತಕ್ಷಣ ಹೇಳಿದಳು. ನನಗೆ ಇಂಗ್ಲಿಷಿನ ವಾಕ್ಯ ಮರೆತುಹೋಯಿತು. ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂದೂ ತಿಳಿಯಲಿಲ್ಲ. ‘ಹೌದು’ ಎಂದೆ, ಕನ್ನಡದಲ್ಲಿ, ಸ್ವಲ್ಪ ತಡವಾಗಿ. ಪಾಸ್ಟರ್‌ಗೆ ಅರ್ಥವಾಗಿರಲಾರದು. ಕೇಳಬೇಕಾದವಳಿಗೆ ಕೇಳಿಸಿತು.

ಬಾಗಿಲ ಬಳಿ ದೀಕ್ಷಾಸ್ನಾನದ ಕಲ್ಲಿನ ತೊಟ್ಟಿ ಇತ್ತು. ಹೊರಡುವಾಗ ಎಲ್ಲರೂ ನೀರನ್ನು ಮುಟ್ಟಿ ಹೋಗುತ್ತಿದ್ದರು. ನನ್ನ ಕೈ ಈ ಬಾರಿ ಖಾಲಿ ಇತ್ತು. ಮುಟ್ಟಿದೆ. ತಣ್ಣಗಿತ್ತು.

ಈಗ ಪ್ರತಿ ಶನಿವಾರ ಅಡಿಲೇಡ್‌ಗೆ ಫೋನ್ ಮಾಡುತ್ತೇನೆ. ಕಲಿಸುವವನು ನಾನು, ಕಲಿಯುವವಳು ಅವಳು ಎಂಬುದು ಆರಾಧನಾ ಕ್ರಮದ ಏರ್ಪಾಡು. ವಾಸ್ತವ ಬೇರೆ. ಈ ವಾರ ನೀವು ಯಾರನ್ನು ಕ್ಷಮಿಸಿದಿರಿ ಎಂದು ಕೇಳುತ್ತಾಳೆ. ಯಾರನ್ನೂ ಇಲ್ಲದ ವಾರಗಳೇ ಹೆಚ್ಚು. ಕಳೆದ ಶನಿವಾರ, ಡೇನಿಯಲ್‌ಗೆ ಫೋನ್ ಮಾಡಿದಿರಾ ಎಂದು ಕೇಳಿದಳು. ಇನ್ನೂ ಇಲ್ಲ ಎಂದೆ. ಬರೆದುಕೊಂಡಳು.

ಓದುಗರಲ್ಲಿ ನನ್ನದೊಂದು ವಿಚಾರಣೆ. ನೀವೂ ಎಂದಾದರೂ, ಯಾವುದಾದರೂ ಊರಿನಲ್ಲಿ, ಯಾವುದಾದರೂ ಮಗುವಿನ ಪರವಾಗಿ ಹೌದು ಎಂದಿರಬಹುದು. ಆ ಮಗುವಿಗೆ ಈಗ ಎಷ್ಟು ವಯಸ್ಸು?

ಈ ಪತ್ರದಲ್ಲಿ ತಪ್ಪುಗಳು ಕಂಡುಬಂದಲ್ಲಿ ದಯಮಾಡಿ ತಿದ್ದಿ ಕಳುಹಿಸಬೇಕಾಗಿ ಕೋರುತ್ತೇನೆ. ಹಸಿರು ಶಾಯಿಯಾದರೂ ಅಡ್ಡಿಯಿಲ್ಲ, ಈಗ ಅಭ್ಯಾಸವಾಗಿದೆ.